ಡಬ್ಬಿಯ ಮುಚ್ಚಳದ ಮೇಲೆ ಎರಡು ಕೈ

ಶೇಂಗಾ ಹೋಳಿಗೆಯ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳದ ಮೇಲೆ ಎರಡೂ ಕೈ ಊರಿ ಕೂತರೆಂದರೆ, ಗುರುಪಾದಪ್ಪನವರನ್ನು ಅಲ್ಲಾಡಿಸುವವರು ಇಡೀ ನ್ಯೂಜೆರ್ಸಿಯಲ್ಲಿ ಯಾರೂ ಇರಲಿಲ್ಲ. ವೆಸ್ಟ್ ವಿಂಡ್ಸರ್‌ನಲ್ಲಿ ನಮ್ಮ ಜನರೆಲ್ಲ ಸೇರಿ ಕಟ್ಟಿದ ಭವನಕ್ಕೆ ಏಳು ಜನ ಟ್ರಸ್ಟಿಗಳು. ಅವರಲ್ಲಿ ಇವರೇ ಹಿರಿಯರು, ನನ್ನ ಮಗ ಮಹಾಂತೇಶ ಎಲ್ಲರಿಗಿಂತ ಕಿರಿಯವ. ಮೀಟಿಂಗು ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ. ಹೋಳಿಗೆ ತಾವೇ ಮಾಡಿ ತರುತ್ತಿದ್ದರು. ಆದರೆ ಸಹಿಗೆ ಬಂದ ಕಾಗದ ಓದಿ ಮುಗಿಯುವ ತನಕ ಯಾರಿಗೂ ಒಂದು ಚೂರು ಕೊಡುತ್ತಿರಲಿಲ್ಲ.

ಅದೂ ಸುಮ್ಮನೆ ಓದಿದರೆ ಸಾಲದು. ಚಹಾ ಕೊಡಲು ಹೋದ ನನ್ನನ್ನು ಕೂಡಿಸಿ, "ಅಕ್ಕಾರಿಗೆ ತಿಳಿಯೂಹಂಗ ಕನ್ನಡದಾಗ ಹೇಳ್ರಿ. ಅವರಿಗೆ ತಿಳೀತಂದ್ರ ನಮಗೂ ತಿಳದೈತಿ. ಆಮ್ಯಾಲ ಸಹಿ," ಅನ್ನುತ್ತಿದ್ದರು. ನಾನು ಓದಿದ್ದೋ ಮೂರನೇ ಇಯತ್ತೆ!

ಒಮ್ಮೆ ಭವನದ ಅಡುಗೆಮನೆಯನ್ನು ಟ್ರಸ್ಟಿನ ಅಧ್ಯಕ್ಷರ ಭಾವಮೈದುನನಿಗೆ ಹತ್ತು ವರ್ಷ ಅಗ್ಗದ ಬಾಡಿಗೆಗೆ ಕೊಡುವ ಮಾತು ಬಂತು. ನಾನು ಕೇಳಿಯೇ ಬಿಟ್ಟೆ: "ಬ್ಯಾರೆ ಯಾರನ್ನರ ಕೇಳೀರೇನು?"

ಎಲ್ಲರೂ ನಕ್ಕರು. "ಅವ್ವಾ, ಪ್ಲೀಸ್, ನೀ ಸುಮ್ನಿರು," ಎಂದ ಮಗ.

ಗುರುಪಾದಪ್ಪನವರು ನಗಲಿಲ್ಲ. "ನಗಬ್ಯಾಡ್ರಿ. ನಾಳೆ ಕೋರ್ಟಿನಾಗ ಜಡ್ಜ್ ಕೇಳೂದೂ ಇದನ್ನ. ಭವನ ನಮ್ಮದಲ್ಲ, ಆದ್ರ ನಾವು ತಪ್ಪಿದ್ರ ಹೋಗೂದು ನಮ್ಮ ಮನಿ," ಎಂದು ನಡಾವಳಿ ಪುಸ್ತಕದಲ್ಲಿ ನನ್ನ ಪ್ರಶ್ನೆಯನ್ನೇ ಬರೆದರು. ಕೆಳಗೆ 'ನನ್ನ ಒಪ್ಪಿಗೆ ಇಲ್ಲ' ಎಂದು ಸಹಿ ಹಾಕಿ ಪೆನ್ನನ್ನು ಮಗನತ್ತ ಚಾಚಿದರು. ಅವನು ಅಧ್ಯಕ್ಷರ ಮುಖ ನೋಡಿದ, ನನ್ನ ಮುಖ ನೋಡಿದ, ತಾನೂ ಹಾಗೇ ಬರೆದ. ಉಳಿದ ಐದು ಜನ ಒಪ್ಪಿ, ಸಿಟ್ಟಾಗಿ ಎದ್ದು ಹೋದರು. ಅವತ್ತು ಹೋಳಿಗೆ ನಮ್ಮ ಮೂವರಿಗೇ. ನಾನು ನಾಲ್ಕು ತಿಂದೆ!

ಆ ಅಗ್ಗದ ಬಾಡಿಗೆಯ ಮೇಲೆ ಭವನದ ಸದಸ್ಯರು ಕೇಸು ಹಾಕಿದಾಗ ನೋಟಿಸು ಏಳೂ ಮನೆಗೆ ಬಂತು. ಸೊಸೆ ಬಸುರಿ. ಕೂಸಿಗೆಂದು ಹಳದಿ ಬಣ್ಣ ಬಳಿದ ಕೋಣೆಯಲ್ಲಿ ನಿಂತು ಮಗ ಗುರುಪಾದಪ್ಪನವರನ್ನು ಕೇಳಿದ: "ಈ ಮನಿ ಉಳೀತೈತೇನ್ರಿ, ಅಂಕಲ್?"

"ಪುಸ್ತಕದಾಗ ನಿಮ್ಮವ್ವ ಅದಾರಪಾ. ಹೆದರಬ್ಯಾಡ."

ತೀರ್ಪು ಬರುವಷ್ಟರಲ್ಲಿ ನನ್ನ ಬಂಗಾರದಂಥ ಮೊಮ್ಮಗಳಿಗೆ ನಾಲ್ಕು ಹಲ್ಲು ಬಂದಿದ್ದವು. ಅಂದೂ ಅವರು ಡಬ್ಬಿ ಹಿಡಿದೇ ಬಂದರು. ಅಂಬೆಗಾಲಿಟ್ಟು ಹೋದ ಕೂಸು ಮುಚ್ಚಳ ಬಡಿದರೂ ಬಿಡಲಿಲ್ಲ. "ತಡಿಯವ್ವಾ, ಮೊದಲ ಅಜ್ಜಿಗೆ ಓದಿ ಹೇಳ್ಲಿ."

ಮಗ ತೀರ್ಪನ್ನು ಕನ್ನಡದಲ್ಲಿ ಹೇಳಿದ: ಆದ ನಷ್ಟವನ್ನು ಒಪ್ಪಿಗೆ ಕೊಟ್ಟ ಐವರು ಸ್ವಂತ ಕೈಯಿಂದ ತುಂಬಬೇಕು. ಒಪ್ಪಿಗೆ ಇಲ್ಲವೆಂದು ಬರೆದ ಇಬ್ಬರ ಮೇಲೆ ಏನೂ ಇಲ್ಲ.

"ಅಕ್ಕಾರ, ತಿಳೀತೇನ್ರಿ?"

ತಿಳಿಯದೇನು! ಕೂಸನ್ನೆತ್ತಿಕೊಂಡು ಮನೆ ತುಂಬ ಕುಣಿದೆ. ಗುರುಪಾದಪ್ಪನವರು ಮುಚ್ಚಳ ತೆಗೆದು ಮೊದಲ ಚೂರನ್ನು ಅದರ ಬಾಯಿಗೇ ಇಟ್ಟರು.

ಮುಂದಿನ ವಾರ ಅವರು ಡಲ್ಲಾಸ್‌ನ ಮಗಳ ಮನೆಗೆ ಹೊರಟುಹೋದರು; ಡಬ್ಬಿಯನ್ನು ನನಗೆ ಬಿಟ್ಟು. ಈಗ ಹೊಸ ಟ್ರಸ್ಟಿಗಳು ಬಂದಿದ್ದಾರೆ. ಬೇಸ್‌ಮೆಂಟಿನಲ್ಲಿ ಗುರುಪಾದಪ್ಪನವರ ಕುರ್ಚಿ ಖಾಲಿ. ಆದರೆ ಡಬ್ಬಿ ನನ್ನ ತೊಡೆಯ ಮೇಲಿದೆ. ಮುಚ್ಚಳದ ಮೇಲೆ ನನ್ನ ಎರಡು ಕೈ, ಅವುಗಳ ಮೇಲೆ ಮೊಮ್ಮಗಳ ಎರಡು ಪುಟ್ಟ ಕೈ. ಓದದೆ ಯಾರು ತೆಗೆಯುತ್ತಾರೋ ನೋಡೇಬಿಡುತ್ತೇವೆ!