ಬಾಸಿಂಗದ ಗಂಟು

ನನ್ನ ಗೆಳೆಯನ ಮದುವೆಗೆ ನಾನೇ ಫೋಟೊಗ್ರಾಫರ್, ನಾನೇ ಸಾಕ್ಷಿ, ನಾನೇ ಕಾವಲುಗಾರ. ಮೂರನೆಯ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ. ಸಂಶಯಪಡುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದದ್ದು.

ಮದುಮಗ ಕಾರವಾರದವನು, ಮನೆಮಾತು ಕೊಂಕಣಿ. ಮದುಮಗಳು ಹಟ್ಟಿಕೇರಿಯ ರೈತರ ಮನೆಯವಳು. ಈ ಸಂಬಂಧ ಬೇಡವೆಂದು ಅವಳ ಅಮ್ಮ ಊಟ ಬಿಟ್ಟು ಕೂತಿದ್ದರು. ಹಾಗಾಗಿ ಇಬ್ಬರೂ ಯಾರಿಗೂ ಹೇಳದೆ ಕಾರವಾರದ ನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟರು. ಒಂದು ತಿಂಗಳು ಅವರ ಹೆಸರು ನೋಟಿಸ್ ಬೋರ್ಡಿನಲ್ಲಿ ತೂಗಿತು. ಆ ಬೋರ್ಡಿನತ್ತ ತಲೆ ಎತ್ತಿದವರೆಲ್ಲ ನನ್ನ ಕಣ್ಣಿಗೆ ಹುಡುಗಿಯ ನೆಂಟರೇ.

ಮದುವೆಯ ದಿನ ಕಚೇರಿಯ ಜಗಲಿಯಲ್ಲಿ ನಾವು ನಾಲ್ವರು: ಅವರಿಬ್ಬರು, ಹುಡುಗಿಯ ಗೆಳತಿ, ನಾನು. ಬೇಕಾದದ್ದು ಮೂರು ಸಾಕ್ಷಿ. ಮೂರನೆಯವನು ಅಮದಳ್ಳಿಯಿಂದ ಬರಬೇಕಿದ್ದ ಗೆಳೆಯ. ಅವನ ಫೋನ್ ಸ್ವಿಚ್ ಆಫ್.

"ಅಂವ ಹೇಳ್ಬಿಟ್ಟ ನೋಡು," ಎಂದೆ. "ಈಗ ಹಟ್ಟಿಕೇರಿಯಿಂದ ಟೆಂಪೊ ತುಂಬಿ ಬರ್ತದೆ."

"ನೀ ಬಾಯಿ ಮುಚ್ಚು ಮಾರಾಯಾ," ಎಂದಳು ಮದುಮಗಳು.

ಬಾಯಿ ಮುಚ್ಚಿದರೆ ನಾನು ನಾನಲ್ಲ. ಒಳಗೆ ಕೂತಿದ್ದ ಗುಮಾಸ್ತರ ಮೂಗಿನ ದನಿ ತೆಗೆದು, "ಸಾಕ್ಷಿ ಇಲ್ಲದಿದ್ರೆ ಮದುವೆ ಇಲ್ಲ, ಜೆರಾಕ್ಸ್ ಇಲ್ಲದಿದ್ರೆ ಹೆಂಡ್ತಿ ಇಲ್ಲ," ಎಂದೆ. ಒಳಗಿನಿಂದ ಅದೇ ಮೂಗಿನ ದನಿ ಬಂತು: "ಯಾರ್ರೀ ಅದು? ಮಧ್ಯಾಹ್ನ ಸಾಹೇಬ್ರು ಮೀಟಿಂಗಿಗೆ ಹೋಗ್ತಾರೆ. ಅಷ್ಟರೊಳಗೆ ಮೂರನೆಯವರನ್ನ ಕರ್ಕೊಂಡು ಬನ್ನಿ." ಅಸಲಿಗಿಂತ ನನ್ನದೇ ಚೆನ್ನಾಗಿತ್ತು. ಯಾರೂ ನಗಲಿಲ್ಲ.

ಆಗ ಕಂಡದ್ದು ಅವನು. ಗೇಟಿನ ಹೊರಗೆ ಬೈಕಿಗೆ ಒರಗಿ ನಿಂತಿದ್ದ, ಹೆಲ್ಮೆಟ್ ತೆಗೆದಿರಲಿಲ್ಲ. ಹಿಂದಿನ ಸೀಟಿನಲ್ಲಿ ಪೇಪರ್ ಸುತ್ತಿ ಹಗ್ಗ ಬಿಗಿದ ಒಂದು ಕಟ್ಟು. ಕ್ಯಾಮೆರಾದ ಜೂಮ್ ಎಳೆದರೆ ಅವನೂ ನನ್ನನ್ನೇ ನೋಡುತ್ತಿದ್ದ. ಮದುಮಗನನ್ನಲ್ಲ, ನನ್ನನ್ನು, ಇಸ್ತ್ರಿ ಹಾಕಿದ ಬಿಳಿ ಅಂಗಿಯಿಂದ ಚಪ್ಪಲಿಯವರೆಗೆ.

"ಕತ್ತಿ ತಂದಿದ್ದ," ಎಂದು ಪಿಸುಗುಟ್ಟಿದೆ.

"ಕತ್ತಿ ಅಷ್ಟು ಅಗಲ ಇರ್ತದಾ?" ಎಂದಳು ಗೆಳತಿ.

"ಎರಡು ಕತ್ತಿ."

ಮದುಮಗ ಹಿಂದಿನ ಬಾಗಿಲು ಎಲ್ಲಿದೆ ಎಂದು ಹುಡುಕತೊಡಗಿದ. ಮದುಮಗಳು ಗೇಟಿನ ಕಡೆ ಇಣುಕಿ, "ಅಯ್ಯೋ, ಸೋದರಮಾವ! ಅಮ್ಮನ ತಮ್ಮ!" ಎಂದು ಕಂಬದ ಹಿಂದೆ ಸರಿದಳು.

ಅಷ್ಟರಲ್ಲಿ ಮಾವ ಹೆಲ್ಮೆಟ್ ತೆಗೆದು, ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ನೇರ ನನ್ನ ಮುಂದೆ ಬಂದು ನಿಂತರು.

"ತಮಾ, ಮದ್ಮಗ ನೀನೇಯಾ?"

ಕ್ಯಾಮೆರಾ ಎತ್ತಿ ತೋರಿಸಿದೆ. "ಅಲ್ಲ ಮಾವಾ, ನಾ ಫೋಟೊದವ."

ಅವರು ಉಸಿರು ಬಿಟ್ಟರು. "ಸದ್ಯ! ಆಗಿಂದ ನೋಡ್ತಿದ್ದೆ. ನೀ ಒಂದ್ ಕಡೆ ನಿಲ್ಲೂದಿಲ್ಲ, ಮೂತಿ ಒಂದು ನಮೂನೆ ತಿರಸ್ತಾ ಇದ್ದಿ. ಈ ಮಂಗನೇ ಆಗಿದ್ರೆ ಅವಳನ್ನ ಬೈಕ್ ಮೇಲೆ ಕೂರ್ಸ್ಕಂಡು ಹೋಗ್ತಿದ್ದೆ."

ಕಂಬದ ಹಿಂದಿನಿಂದ ಮದುಮಗಳು ನಕ್ಕಳು, ಆಮೇಲೆ ಅತ್ತಳು. "ಯಾರು ಹೇಳಿದ್ರು ಮಾವಾ?"

ಅಮದಳ್ಳಿಯವನ ಹೆಸರು ಬರಲೆಂದು ನಾನು ಕಾದೆ.

"ನಿನ್ನ ಅತ್ತೆ. ಗೆಳತಿ ಮದುವೆಗೆ ಅಂತ ಅವಳ ಹತ್ರ ರವಿಕೆ ಹೊಲಿಸೂಕೆ ಬಂದಿದ್ಯಲ್ಲ? ಗೆಳತಿ ಮದುವೆಗೆ ಹೋಗೋರು ಅಳತೆ ಕೊಡುವಾಗ ಅಳ್ತಾರೇನೇ? ನಾ ಬಂದು ಬೋರ್ಡ್ ನೋಡ್ದೆ, ಗುಮಾಸ್ತರ ಹತ್ರ ಮದುವೆ ದಿನ ಯಾವ್ದು ಅಂತ ಕೇಳ್ದೆ."

ಕಟ್ಟು ಬಿಚ್ಚಿದರು. ಒಳಗೆ ಜೋಡಿ ಬಾಸಿಂಗ. ಅವರ ಮನೆತನದಲ್ಲಿ ಹುಡುಗಿಯ ಹಣೆಗೆ ಅದನ್ನು ಕಟ್ಟುವ ಕೈ ಸೋದರಮಾವನದೇ ಆಗಬೇಕು. "ಸರ್ಕಾರ ಎಂತ ಬೇಕಾದ್ರೂ ಬರ್ಕಳ್ಲಿ. ನಾ ಕಟ್ಟದೆ ಇವಳು ಮದ್ಮಗಳಾಗೂದಿಲ್ಲ."

"ಹಂಗಾರೆ ಸಾಕ್ಷಿನೂ ಹಾಕಿ ಮಾವಾ," ಎಂದಳು ಗೆಳತಿ.

ಮಾವನ ಮುಖ ಇಳಿಯಿತು. ಬಾಸಿಂಗ ಕಟ್ಟಿ ಹೋಗುವುದು ಬೇರೆ, ಹೆಸರು ಬರೆದು ಹೋಗುವುದು ಬೇರೆ. "ಅಕ್ಕಂಗೆ ಗೊತ್ತಾದ್ರೆ ನಾ ಆ ಮನೆ ಮೆಟ್ಟಿಲು ಹತ್ತೂ ಹಂಗಿಲ್ಲ." ಒಳಗಿನಿಂದ ಮೂಗಿನ ದನಿ ಮತ್ತೆ ಕರೆಯಿತು. ಅವರು ಸೊಸೆಯ ಮುಖ ನೋಡಿದರು, ನನ್ನ ಜೇಬಿನ ಪೆನ್ನು ಕಿತ್ತುಕೊಂಡರು. "ಆದ್ರೆ ತಮಾ, ನಿನ್ನ ಫೋಟೊದಲ್ಲಿ ನನ್ನ ಮುಖ ಬರೂದು ಬೇಡ."

ಸಹಿಯೆಲ್ಲ ಮುಗಿದ ಮೇಲೆ ಅಂಗಳದಲ್ಲಿ ಬಾಸಿಂಗ ಕಟ್ಟಿದರು. ಹಾಗಾಗಿ ನಾನು ತೆಗೆದ ಚಿತ್ರಗಳಲ್ಲಿ ಮಾವ ಎಂದರೆ ಎರಡು ಕೈ ಅಷ್ಟೆ. ಅಮದಳ್ಳಿಯವನು ಆಮೇಲೆ ನಾವು ಐಸ್‌ಕ್ರೀಮ್ ತಿನ್ನುವ ಹೊತ್ತಿಗೆ ಸರಿಯಾಗಿ ಬಂದ. ಚಾರ್ಜ್ ಮುಗಿದಿತ್ತಂತೆ, ಬೈಕೂ ಪಂಕ್ಚರ್ ಅಂತೆ. ನಾನು ಈಗಲೂ ನಂಬಿಲ್ಲ.

ಹಲವು ತಿಂಗಳು ಕಳೆದ ಮೇಲೆ ಹುಡುಗಿಯ ಅಮ್ಮ ಫೋಟೊ ತೋರಿಸಲು ನನಗೆ ಹೇಳಿಕಳಿಸಿದರು. ಹಟ್ಟಿಕೇರಿಯ ಜಗಲಿಯಲ್ಲಿ ಕೂತು ನನ್ನ ಫೋನಿನಲ್ಲಿ ಒಂದೊಂದೇ ಸರಿಸುತ್ತ ಹೋದರು. ಒಂದು ಕಡೆ ಬೆರಳು ನಿಂತಿತು.

"ಬಾಸಿಂಗ ಕಟ್ಟಿದ್ದು ಯಾರಾ ತಮಾ?"

"ಗುಮಾಸ್ತರು," ಎಂದೆ. ನಂಬಲಿ ಎಂದು ಮೂಗಿನ ದನಿಯನ್ನೂ ಕೇಳಿಸಿದೆ.

ಅವರು ಚಿತ್ರ ಹಿಗ್ಗಿಸಿದರು. ದಾರವನ್ನು ಎರಡು ಸುತ್ತು ಹಾಕಿ ತುದಿಯನ್ನು ಒಳಕ್ಕೆ ಸಿಕ್ಕಿಸಿದ ಗಂಟು. "ಇದು ಎತ್ತಿಗೆ ಹಾಕೂ ಗಂಟು. ನನ್ನ ತಮ್ಮನೂ ಹಿಂಗೇ ಹಾಕ್ತಾ. ಅಂವ ಎಂತಕೋ ಈಚೆಗೆ ಈ ಕಡೆ ಬರೂದೇ ಇಲ್ಲ." ಫೋನ್ ನನ್ನ ಕೈಗಿತ್ತರು. "ಆ ಗುಮಾಸ್ತ್ರು ಸಿಕ್ಕಿದ್ರೆ ಹೇಳು, ಹಬ್ಬಕ್ಕೆ ಊಟಕ್ಕೆ ಬರೂಕೆ."

ದಾರಿಯಲ್ಲೇ ಮಾವನಿಗೆ ಫೋನ್ ಮಾಡಿದೆ. ಅವರಿಗೆ ಸಂಶಯ. "ಊಟಕ್ಕೋ, ಬೈಯೂಕೋ? ಅಕ್ಕನ ದನಿ ತೆಗ್ದು ಹೇಳು ನೋಡ್ವ."

ಹೇಳಿದೆ.

"ಇನ್ನೊಂದ್ ಸಲ ಹೇಳಾ," ಎಂದರು.