ದಶರಥಪ್ಪನ ಕಲ್ಲಿನ ಸಪ್ಪಳ

ಶಹಾಬಾದದ ದಶರಥಪ್ಪನ ಹತ್ತಿರ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಳ್ಳಬೇಕಾದರೆ ಮೊದಲು ಅದರ ಸಪ್ಪಳ ಕೇಳಬೇಕು. ಪಾಲಿಶ್ ಮಷೀನಿನ ಪಕ್ಕದಲ್ಲಿ ಮೂವತ್ತು ವರ್ಷ ಕಳೆದ ಈ ಮನುಷ್ಯ, ಬಂದ ಗಿರಾಕಿಯನ್ನು ಕೂಡಿಸಿ, ಚಹಾ ಕುಡಿಸಿ, ಸಣ್ಣ ಸುತ್ತಿಗೆಯಿಂದ ಒಂದೊಂದೇ ಕಲ್ಲು ಬಡಿದು ತೋರಿಸುತ್ತಾನೆ. ಗಂಟೆಯಂತೆ ನುಡಿಯದಿದ್ದರೆ ಒಳಗೆ ಬಿರುಕಿದೆ ಎಂದು ಆ ಕಲ್ಲನ್ನು ತಾನೇ ಬದಿಗೆ ಸರಿಸುತ್ತಾನೆ. ಆದರೆ ೨೦೦೬ರಿಂದೀಚೆಗೆ ಗಿರಾಕಿಗಳು ಬರುವುದೇ ನಿಂತಿದೆ. ಅವರು ಹೈದರಾಬಾದಿನಲ್ಲೇ ಕುಳಿತು, ಕಂಪ್ಯೂಟರಿನಲ್ಲಿ ಕಲ್ಲು ನೋಡಿ, ಅಲ್ಲಿ ಯಾರ ನಂಬರು ಇದೆಯೋ ಅವರಿಂದ ತರಿಸಿಕೊಳ್ಳುತ್ತಾರೆ. "ನಮ್ದೂ ಫೋಟೋ, ನಂಬರು ಇಂಟರ್ನೆಟ್ಟಿನಾಗ ಹಾಕೋಣಪ್ಪಾ" ಎಂದು ಮಗಳು ಲುಂಬಿನಿ ಕೂಗಿ ಕೂಗಿ ಸೋತಿದ್ದಾಳೆ. "ಫೋಟೋದಾಗ ಕಲ್ಲು ಮಾತಾಡ್ತದೇನವಾ?" ಎನ್ನುತ್ತಾನೆ. ತಿಂಗಳಿಗೊಮ್ಮೆ ಹಳೆಯ ಗಿರಾಕಿಯೊಬ್ಬರ ಫೋನು ಬಂದರೆ ಲುಂಬಿನಿಯೇ ಎತ್ತುತ್ತಾಳೆ. ಅವರು ಫೋಟೋ ಕೇಳುತ್ತಿದ್ದಾರೆ ಎಂದು ಅವಳು ಕೂಗಿ ಹೇಳಿದ್ದೇ ತಡ, "ತಡೀರಿ ಸಾಹೇಬ್ರ, ಕೇಳ್ರಿ" ಎಂದು ದಶರಥಪ್ಪ ರಿಸೀವರನ್ನು ಕಲ್ಲಿನ ಹತ್ತಿರ ಹಿಡಿಸಿ, ಸಾಲಾಗಿ ಏಳೆಂಟು ಕಲ್ಲು ಬಡಿಯುತ್ತಾನೆ. ಎರಡನೆಯ ಕಲ್ಲಿಗೇ ಆ ಕಡೆಯವರು ಫೋನು ಇಟ್ಟಿರುತ್ತಾರೆ. ಅದು ದಶರಥಪ್ಪನಿಗೆ ತಿಳಿಯುವುದಿಲ್ಲ. ಮಷೀನು ಅವನ ಕಿವಿಗಳನ್ನು ಎಂದೋ ತಿಂದುಹಾಕಿದೆ. ಕಲ್ಲು ನುಡಿಯಿತೋ ಇಲ್ಲವೋ ಎಂಬುದನ್ನು ಈಗ ಅವನು ಅದರ ಮೇಲೆ ಅಂಗೈ ಊರಿ, ಕಲ್ಲಿನ ಕಂಪನದಿಂದ ಅರಿಯುತ್ತಾನೆ. ಕೊನೆಯ ಕಲ್ಲು ಬಡಿದು, ಬೆವರು ಒರೆಸಿಕೊಂಡು, "ಏನಂದ್ರವಾ?" ಎಂದು ಮಗಳ ಬಾಯನ್ನೇ ನೋಡುತ್ತಾನೆ. ಟೂಂ ಟೂಂ ಎನ್ನುತ್ತಿರುವ ರಿಸೀವರನ್ನು ಹಿಡಿದುಕೊಂಡೇ ಲುಂಬಿನಿ ಅವನ ಕಿವಿಯ ಹತ್ತಿರ ಕೂಗುತ್ತಾಳೆ: "ಸಪ್ಪಳ ಭಾಳ ಛಲೋ ಅದ ಅಂದ್ರಪ್ಪಾ."