ಗುರುವಾರದ ವಿಮಲಕ್ಕೋರು

ಮಾತು ಕಲಿಸಲೆಂದೇ ನಮ್ಮ ಶಾಲೆಗೆ ಬರುತ್ತಿದ್ದ ವಿಮಲಕ್ಕೋರು ಮಕ್ಕಳೆದುರು ಕುಳಿತು ಬಹಳ ಹೊತ್ತು ಬಾಯಿಯನ್ನೇ ಬಿಡುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತು, ಮಗು ಯಾವ ಆಟವಾಡಿದರೆ ತಾವೂ ಅದನ್ನೇ ಆಡುವುದು. ‘ಅಕ್ಕೋರೇ, ನಿಮಗೆ ಕೊಡೋದು ಆಟದ ಸಂಬಳವೋ ಪಾಠದ್ದೋ?’ ಎಂದು ಒಮ್ಮೆ ಕೆಣಕಿದೆ.

‘ಗಡಿಬಿಡಿ ಮಾಡ್ಬೇಡಿ ಮಾಸ್ತರೇ. ಕೂಸಿಗೆ ಮೊದ್ಲು ನನ್ನ ಹೆದ್ರಿಕೆ ಹೋಗ್ಲಿ’ ಎಂದರು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅವರ ಮನೆ ಕಾರವಾರದಲ್ಲಿ. ಸೋಮವಾರ ಮಾಜಾಳಿಯ ಶಾಲೆ, ಗುರುವಾರ ಅಂಕೋಲೆ ದಾಟಿ ನಮ್ಮ ಕೇಣಿ. ಬಸ್ಸಿನಲ್ಲಿ ನಿಂತೇ ಬಂದು, ಒಂದು ಲೋಟ ನೀರು ಕುಡಿದು ಕೆಲಸಕ್ಕೆ ಕೂರುವರು.

ನಮ್ಮಲ್ಲಿಗೆ ಬರುತ್ತಿದ್ದುದು ಶೈಲಾಳಿಗಾಗಿ. ಮೀನುಗಾರರ ಮನೆಯ ಹುಡುಗಿ, ಮೂರನೆಯ ತರಗತಿ. ಹುಟ್ಟುವಾಗಲೇ ಅಂಗುಳ ಸೀಳಿತ್ತು, ಆಪರೇಷನ್ ತಡವಾಗಿ ಆಗಿತ್ತು. ಪ, ಬ ಅನ್ನಹೋದರೆ ಉಸಿರೆಲ್ಲ ಮೂಗಿನಿಂದ ಹೋಗುತ್ತಿತ್ತು. ಮಕ್ಕಳು ಅಣಕಿಸಿದರು, ಅವಳು ಶಾಲೆಯಲ್ಲಿ ಮಾತನ್ನೇ ಬಿಟ್ಟಳು. ‘ಹಿಂಗೇ ಆದ್ರೆ ಶಾಲೆ ಬಿಡ್ಸೂದೇಯ’ ಎಂದು ಅವಳ ತಾಯಿ ಹೇಳಿಹೋಗಿದ್ದಳು.

ಬಸ್ಸು, ಬಾಳೆಹಣ್ಣಿನ ಚಿತ್ರ ತೋರಿಸಿದರೆ ಶೈಲಾ ಜಪ್ಪಯ್ಯ ಅನ್ನಲಿಲ್ಲ. ಅಕ್ಕೋರು ಪಕ್ಕಾ ಸಸ್ಯಾಹಾರಿ. ಆದರೂ ಮೂಗು ಮುಚ್ಚಿಕೊಂಡು ಮೀನು ಮಾರ್ಕೆಟ್ಟಿನಲ್ಲಿ ನಿಂತು ಮೀನುಗಳ ಚಿತ್ರ ಬರೆದು ತಂದರು. ಒಂದನ್ನು ಎತ್ತಿ ಹಿಡಿದು ‘ತಾರ್ಲೆ’ ಎಂದರು. ತಾರ್ಲೆಯಲ್ಲ, ಅದು ಬಾಂಗಡೆ. ಕೇಣಿಯ ಹುಡುಗಿಗೆ ಇದನ್ನು ಸಹಿಸಲಾಗಲಿಲ್ಲ. ‘ಮಾಂಗ್ಡೆ!’ ಎಂದು ಮೂಗಿನಲ್ಲೇ ಕೂಗಿಬಿಟ್ಟಳು.

ಅಕ್ಕೋರು ಬಿದ್ದು ಬಿದ್ದು ನಕ್ಕರು. ‘ನಂಗೆಂತಾ ಗೊತ್ತು ಮಾರಾಯ್ತಿ, ನೀನೇ ಕಲ್ಸು!’

ಅಂದಿನಿಂದ ಇಬ್ಬರೂ ತುಟಿಯ ಮುಂದೆ ಕಾಗದದ ಚೂರು ಹಿಡಿದು ಮೀನಿನ ಹೆಸರು ಹೇಳುವರು. ಗಾಳಿ ಬಾಯಿಂದ ಬಂದರೆ ಕಾಗದ ಅಲುಗಬೇಕು. ಬೇಸಿಗೆಯ ಹೊತ್ತಿಗೆ ತುಸು ಅಲುಗತೊಡಗಿತ್ತು. ಆದರೆ ನಾನು ಒಳಗೆ ಕಾಲಿಟ್ಟರೆ ಶೈಲಾಳ ಬಾಯಿ ಬಂದ್. ‘ಬೇಜಾರು ಮಾಡ್ಕಬೇಡಿ, ಒಂದಿನ ನಿಮ್ ಹತ್ರನೂ ಮಾತಾಡ್ತದೆ’ ಎನ್ನುತ್ತಿದ್ದರು ಅಕ್ಕೋರು.

ಆ ಬೇಸಿಗೆ ರಜೆಯಲ್ಲಿ ಜ್ವರವೆಂದು ಮಲಗಿದ ಅಕ್ಕೋರು ಏಳಲೇ ಇಲ್ಲ. ನನಗೆ ಸುದ್ದಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಕೊನೆಗೊಮ್ಮೆ ಮುಖ ನೋಡಲೂ ಆಗಲಿಲ್ಲವಲ್ಲ ಎಂಬ ಸಂಕಟ ಇಂದಿಗೂ ಇದೆ.

ಶಾಲೆ ಶುರುವಾದ ಮೊದಲ ಗುರುವಾರ ಶೈಲಾ ಎಣ್ಣೆ ಹಚ್ಚಿ ತಲೆ ಬಾಚಿ, ಅಬ್ಬಲಿಗೆ ಮುಡಿದು ಜಗಲಿಯಲ್ಲಿ ಕೂತಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ. ನನಗೂ ಧೈರ್ಯ ಬರಲಿಲ್ಲ. ಮಧ್ಯಾಹ್ನದ ಬಸ್ಸೂ ಬಂದು ಹೋಯಿತು. ಕೊನೆಗೆ ಅವಳೇ ಎದ್ದು ನನ್ನ ಮೇಜಿನ ಬಳಿ ಬಂದಳು.

‘ಮಾಸ್ತರೇ, ಅಕ್ಕೋರು ಬರೂದಿಲ್ವಾ?’

ಬ ನೆಟ್ಟಗೆ ಬಂದಿತ್ತು. ರಜೆಯೆಲ್ಲ ಅಭ್ಯಾಸ ಮಾಡಿರಬೇಕು.

‘ಚಲೋ ಹೇಳ್ದೆ ಕೂಸೇ’ ಎಂದೆ.

ಅವಳು ಕದಲಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಕೇಳಿದ್ದಕ್ಕೆ ಉತ್ತರ ಕಾಯುತ್ತ ನಿಂತಳು.